ಟವೆಲ್ಲಿನ ನೀಲಿ ಅಂಚು

ಫ್ರೋಯಾ ದ್ವೀಪ
ಮಾರ್ಚ್ ೧೧, ಸೋಮವಾರ

ಮಗಳು ಟೂರುನ್‌ಗೆ,

ನಾನು ಗಟ್ಟಿಯಾಗಿದ್ದೇನೆ. ನೀನೂ ಐವಿಂದನೂ ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದದ್ದು ನವೆಂಬರಿನಲ್ಲಿ. ಉತ್ತರ ಬರೆಯುತ್ತಿರುವುದು ಮಾರ್ಚಿನಲ್ಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ದೋಣಿ ಹತ್ತಿದವನಿಗೆ ಕಾಗದ ಬರೆಯುವುದೆಂದರೆ ಹಲ್ಲು ಕೀಳಿಸಿಕೊಂಡ ಹಾಗೆ, ನಿಜ. ಆದರೆ ತಡವಾದದ್ದು ಅದಕ್ಕಲ್ಲ. ನೀನು ಪ್ರತಿ ಭಾನುವಾರ ಫೋನು ಮಾಡಿದಾಗ ಬಾಯಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಹಿಮ ಎಷ್ಟು ಬಿತ್ತು ಅಂತ ಹೇಳಿದೆ. ಕ್ಷಮಿಸು ಅಂತ ಬರೆಯುವುದು ಸುಲಭ, ಬರೆದಿದ್ದೇನೆ, ಮುಂದೆ ಓದು.

ಊರಿನ ಸುದ್ದಿ ಹೆಚ್ಚಿಲ್ಲ. ಯೋಸ್ಟೈನ್ ತನ್ನ ದೋಣಿಗೆ ನಿಮ್ಮ ಜಾಗದಲ್ಲಿ ಬೇರೆ ಇಬ್ಬರು ಮುಳುಗುಗಾರರನ್ನು ಸೇರಿಸಿಕೊಂಡಿದ್ದಾನೆ. ಚಿಪ್ಪು ಚೆನ್ನಾಗಿ ಸಿಗುತ್ತಿದೆಯಂತೆ. ನಾನು ಕಂಪ್ರೆಸರ್ ಶೆಡ್ಡಿಗೆ ಬೀಗ ಹಾಕಿದ್ದೇನೆ. ಅವನು ಬಂದು ಬಾಗಿಲು ಬಡಿದ.

“ಏನಣ್ಣ, ನೀನು ಸಿಲಿಂಡರಿಗೆ ಗಾಳಿ ತುಂಬಿಸ್ದೆ ಹೋದ್ರೆ ನಾವು ಪಕ್ಕದ ದ್ವೀಪ ಹಿತ್ರಾವರೆಗೂ ಹೊತ್ಕೊಂಡು ಹೋಗ್ಬೇಕಾ?”

“ಹೊತ್ಕೊಂಡು ಹೋಗು. ಹೊಟ್ಟೆ ಕರಗುತ್ತೆ” ಅಂದೆ.

“ಮುದುಕನಿಗೆ ಕೊಬ್ಬು ಇಳಿದಿಲ್ಲ” ಅಂತ ಗೊಣಗಿಕೊಂಡು ಹೋದ.

ಪಕ್ಕದ ಮನೆ ಮಾರ್ಗಿಟ್ ಮೀನಿನ ವಡೆ ಮಾಡಿಕೊಂಡು ಬಂದಿದ್ದಳು. ತಟ್ಟೆ ಇಟ್ಟು, “ಪಾಪ, ಆ ಹುಡುಗಿ ಕೈತಪ್ಪಿ ಏನೋ ಮಾಡಿದ್ಲು. ಅದಕ್ಕೆ ನೀವು ಹಿಂಗೆ ಒಣಗಿ ಹೋದ್ರೆ ಹೆಂಗೆ?” ಅಂದಳು. ವಡೆಯನ್ನೂ ಅವಳನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದೆ. ಅವಳೀಗ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡಲಿ.

ನಿನ್ನ ಕಾಗದ ಮೇಜಿನ ಮೇಲಿದೆ. ಟ್ರಾಂಡ್‌ಹೈಮಿನ ಮುಳುಗು ಶಾಲೆಯವರು ಸಲಕರಣೆ ಕೋಣೆ ನೋಡಿಕೊಳ್ಳಲು ಕರೆದರು, ನಾನು ಒಲ್ಲೆ ಅಂದೆ ಅಂತ ಬರೆದಿದ್ದೀಯ. ‘ಗಂಡನ ಕಾಲು ಕಿತ್ತುಕೊಂಡ ಕೈ ಇದು, ಇನ್ನೊಬ್ಬರ ಉಸಿರನ್ನು ಮುಟ್ಟಬಾರದು’ ಅಂತ ಬರೆದಿದ್ದೀಯ. ಐವಿಂದ ಗಾಲಿಕುರ್ಚಿಯಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆದುಕೊಡುತ್ತಾನೆ, ಒಂದು ದಿನವೂ ಒಂದು ಮಾತೂ ಅಂದಿಲ್ಲ, ಅದನ್ನೇ ತಡೆಯಲಾಗುತ್ತಿಲ್ಲ ಅಂತ ಬರೆದಿದ್ದೀಯ. ಕೊನೆಯಲ್ಲಿ ಒಂದೇ ಪ್ರಶ್ನೆ: ‘ಅಪ್ಪ, ನಿಮಗೆ ನನ್ನ ಕೈ ಗೊತ್ತು. ನಾನು ಅಷ್ಟು ಅಜಾಗರೂಕಳಾ?’

ಅಲ್ಲ.

ಆ ಶಾಲೆಯ ಕೆಲಸಕ್ಕೆ ಹೋಗು. ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಅಂತ ಮಣಿಕಟ್ಟಿನ ಕಂಪ್ಯೂಟರಿಗೆ ಹೇಳುವ ಅವರ ಟ್ರಾನ್ಸ್‌ಮಿಟರ್‌ಗಳನ್ನು ಅವರಿಗಿಂತ ನೀನು ಚೆನ್ನಾಗಿ ನೋಡಿಕೊಳ್ಳುತ್ತೀಯ. ನಾನು ಕಲಿಸಿದ್ದೇ ಮತ್ತೆ ಹೇಳುತ್ತೇನೆ, ಬೇಸರ ಬಂದರೂ ಓದು. ಹೆಬ್ಬೆರಳಿನಷ್ಟು ದಪ್ಪದ ಆ ಸಾಮಾನನ್ನು ಹಿಡಿಕೆ ಅಂದುಕೊಂಡು ಸಿಲಿಂಡರ್ ಎತ್ತುವ ಗೂಬೆಗಳು ಎಲ್ಲ ಕಡೆಯೂ ಇರುತ್ತಾರೆ. ಮೊದಲು ಅವರನ್ನು ಬೈಯಿ. ಅದನ್ನು ಬಿಗಿಯುವುದೂ ಬಿಚ್ಚುವುದೂ ಬುಡದ ಲೋಹ ಹಿಡಿದೇ ಹೊರತು ಪ್ಲಾಸ್ಟಿಕ್ ಮೈ ಹಿಡಿದಲ್ಲ. ವಾಲ್ವನ್ನು ಒಂದೇ ಏಟಿಗೆ ತಿರುಗಿಸಿದರೆ ಇನ್ನೂರು ಬಾರ್ ಒತ್ತಡ ಅದರೊಳಗಿನ ಸೂಕ್ಷ್ಮ ಭಾಗಕ್ಕೆ ಗುದ್ದುತ್ತದೆ. ಮಗುವಿನ ತೊಟ್ಟಿಲು ತೂಗಿದ ಹಾಗೆ ನಿಧಾನ ತೆರೆಯಬೇಕು. ಮುಳುಗಿ ಬಂದ ಮೇಲೆ ಸಿಹಿನೀರು. ಬ್ಯಾಟರಿ ಬದಲಿಸುವಾಗ ಕೈ ಒಣಗಿರಬೇಕು. ಮುಚ್ಚಳದ ರಬ್ಬರ್ ಉಂಗುರಕ್ಕೆ ಒಂದು ಕೂದಲು ಅಂಟಿದ್ದರೂ ಸಾಕು, ಸಮುದ್ರ ಒಳಗೆ ಬರುತ್ತದೆ. ಎಲ್ಲಕ್ಕಿಂತ ದೊಡ್ಡದು: ನೀರಿಗೆ ಇಳಿಯುವ ಮೊದಲು ಒಬ್ಬರ ವಾಲ್ವ್ ಮಾತ್ರ ತೆರೆದು ಯಾರ ಮಣಿಕಟ್ಟಿನಲ್ಲಿ ಅಂಕಿ ಏಳುತ್ತದೆ ಅಂತ ನೋಡಬೇಕು. ಆಮೇಲೆ ಇನ್ನೊಬ್ಬರದು.

ಅಕ್ಟೋಬರಿನ ಆ ಮಂಗಳವಾರ ಐವಿಂದ ಅದನ್ನೇ ಮಾಡುತ್ತೇನೆ ಅಂದಿದ್ದ. ಇದು ನಿನಗೆ ಗೊತ್ತಿಲ್ಲ. ನೀನು ದೋಣಿಯ ಮುಂದಿನ ತುದಿಯಲ್ಲಿ ಬಲೆಚೀಲ ಜೋಡಿಸುತ್ತಿದ್ದೆ. ನಾನು ಬೆಳಿಗ್ಗೆಯೇ ಎದ್ದು ನೀವಿಬ್ಬರೂ ಸಿಲಿಂಡರಿಗೆ ಬಿಗಿದು ಉಸಿರಾಡುವ ರೆಗ್ಯುಲೇಟರಿನಿಂದಲೂ ಟ್ರಾನ್ಸ್‌ಮಿಟರ್ ಬಿಚ್ಚಿ, ಹೊಸ ಬ್ಯಾಟರಿ ಹಾಕಿ, ಮತ್ತೆ ಬಿಗಿದು ದಕ್ಕೆಗೆ ತಂದುಕೊಟ್ಟಿದ್ದೆ.

“ಮಾವ, ಒಂದ್ಸಲ ಸಿಲಿಂಡರಿಗೆ ಹಾಕಿ ನೋಡ್ಲಾ? ಯಾವುದು ಯಾರ್ದು ಅಂತ ಗೊತ್ತಾಗ್ಲಿ” ಅಂದ ಐವಿಂದ.

“ನಲವತ್ತು ವರ್ಷದಿಂದ ಈ ದಕ್ಕೆಯಲ್ಲಿ ನನ್ನ ಕೆಲಸಾನ ಯಾವನೂ ತಿರುಗಿ ನೋಡಿಲ್ಲ. ನೋಡ್ಬೇಕಂದ್ರೆ ನೋಡು. ನಾಳೆಯಿಂದ ನಿನ್ನ ಸಾಮಾನು ನೀನೇ ರಿಪೇರಿ ಮಾಡ್ಕೋ” ಅಂದೆ.

ಯೋಸ್ಟೈನ್ ನಕ್ಕ. “ಬಿಡೋ ಮಾರಾಯ, ಮುದುಕ ಕಿವಿ ಕಚ್ಚಿಬಿಡ್ತಾನೆ!”

ಐವಿಂದನೂ ನಕ್ಕ. “ಆಯ್ತು ಮಾವ, ನೀವು ಮಾಡಿದ್ಮೇಲೆ ಇನ್ನೇನು” ಅಂತ ಕೆಳಗಿಟ್ಟ. ನನ್ನ ಮರ್ಯಾದೆ ಉಳಿಸಿದ.

ಅವೆರಡೂ ಒಂದೇ ಬಣ್ಣ, ಒಂದೇ ತೂಕ. ಬೇರೆಯಾಗಿದ್ದುದು ಮೈಮೇಲೆ ಇರುವೆ ಗಾತ್ರದಲ್ಲಿ ಕೆತ್ತಿದ ನಂಬರು ಮಾತ್ರ. ಆ ನಂಬರನ್ನು ನಾನು ಯಾವತ್ತೂ ಓದಿದವನಲ್ಲ. ಕನ್ನಡಕ ಹಾಕಿಕೊಂಡರೆ ಊರವರು ಹಾಲ್‌ಸ್ಟೈನನ ಕಣ್ಣು ಹೋಯಿತು ಅಂತಾರೆ. ನನ್ನ ಲೆಕ್ಕ ಟವೆಲ್ಲಿನದು. ನಿಮ್ಮಮ್ಮನ ಅಡುಗೆಮನೆಯ ಆ ಹಳೇ ಟವೆಲ್ಲನ್ನು ನೀಲಿ ಅಂಚು ಕಿಟಕಿಯ ಕಡೆಗೆ ಬರುವ ಹಾಗೆ ಹಾಸುತ್ತೇನೆ. ಎಡಗಡೆ ಐವಿಂದನದು, ಬಲಗಡೆ ನಿನ್ನದು. ಆ ದಿನ ರಬ್ಬರ್ ಉಂಗುರ ಸರಿಯಾಗಿ ಕಾಣಲಿಲ್ಲ ಅಂತ, ಮೇಲಿದ್ದ ಸಾಮಾನಿನ ಸಮೇತ ಟವೆಲ್ಲನ್ನು ದೀಪದ ಕಡೆಗೆ ತಿರುಗಿಸಿಕೊಂಡೆ. ತಿರುಗಿಸಿದ್ದು ಮರೆತೆ. ಎಡ ಬಲವಾಯಿತು. ಆಮೇಲೆ ನೋಡಿದರೆ ನೀಲಿ ಅಂಚು ನನ್ನ ಹೊಟ್ಟೆಯ ಕಡೆಗಿತ್ತು.

ನೀನಲ್ಲ ಟೂರುನ್. ನಾನು.

ನೀರೊಳಗೆ ಆದದ್ದು ನಿನಗೆ ಗೊತ್ತೇ ಇದೆ, ಆದರೂ ಈಗ ಅದನ್ನು ಸರಿಯಾದ ಕಣ್ಣಿಂದ ನೋಡು. ಮೊದಲೆರಡು ಮುಳುಗಿನಲ್ಲಿ ಇಬ್ಬರೂ ಬೇಗ, ಜೊತೆಗೇ ಮೇಲೆ ಬಂದಿರಿ, ಗೊತ್ತಾಗಲಿಲ್ಲ. ಐವಿಂದ ಎತ್ತಿನಂತೆ ಉಸಿರಾಡುವವನು. ಅವನ ಸಿಲಿಂಡರ್ ಬರಿದಾಗುತ್ತಿದ್ದುದು ನಿನ್ನ ಮಣಿಕಟ್ಟಿನಲ್ಲಿ ಕಾಣುತ್ತಿತ್ತು. ಐವತ್ತು ಬಾರ್ ಅಂತ ನೋಡಿ, ನನ್ನ ಗಾಳಿ ಮುಗಿಯಿತು ಅಂದುಕೊಂಡು, ಮೇಲೆ ಹೋಗುತ್ತೇನೆ ಅಂತ ಸನ್ನೆ ಮಾಡಿದೆ. ಅವನು ತನ್ನ ಕೈ ನೋಡಿಕೊಂಡ, ನಿನ್ನ ಸಿಲಿಂಡರಿನ ನೂರಿಪ್ಪತ್ತು ಕಂಡಿತು, ಚೀಲ ತುಂಬಿಸಿ ಬರುತ್ತೇನೆ ಅಂದ. ನೀನು ದೂರವಾದ ಮೇಲೆ ಅವನಿಗೆ ಅಂಕಿ ಹೋಗಿ ಬರೀ ಗೆರೆ ಬಂತು. ಹಾಗೆ ಆಗಾಗ ಬರುವುದುಂಟಲ್ಲ, ಅವನು ಗಮನ ಕೊಡಲಿಲ್ಲ. ಇಪ್ಪತ್ತನಾಲ್ಕು ಮೀಟರ್ ಆಳದಲ್ಲಿ ಉಸಿರು ನಿಂತು, ಒಂದೇ ಉಸಿರಿಗೆ ಮೇಲೆ ಹಾರಿ ಬಂದ. ಆ ದಿನದ ಮೂರನೇ ಮುಳುಗು ಅದು, ರಕ್ತದಲ್ಲಿ ಗುಳ್ಳೆ ಎದ್ದಿತು. ಆಸ್ಪತ್ರೆಯ ಒತ್ತಡದ ಕೋಣೆಯಲ್ಲಿ ನಾಲ್ಕು ದಿನ ಇಟ್ಟರೂ ಕಾಲಿಗೆ ಜೀವ ಬರಲಿಲ್ಲ. ನೀನು ಅವನನ್ನು ಬಿಟ್ಟು ಬಂದವಳಲ್ಲ. ನಿನ್ನ ಕೈಯ ಅಂಕಿ ಹೇಳಿದ್ದನ್ನು ಕೇಳಿದವಳು. ಆ ಅಂಕಿ ಅಲ್ಲಿಗೆ ಬರುವ ಹಾಗೆ ಮಾಡಿದವನು ನಾನು.

ತನಿಖೆಗೆ ಬಂದ ಅಧಿಕಾರಿ, ಗಡ್ಡದವನು, ನನ್ನನ್ನು ಕೇಳಿದ: “ಬಿಚ್ಚಿದ್ದು ನೀವು. ಅದಲುಬದಲು ಆಗಿರಬಹುದಾ?” “ನನ್ನ ಕೈಯಲ್ಲಿ ಆಗಲ್ಲ” ಅಂದೆ. ಹಾಗಾದರೆ ಉಳಿದದ್ದು ದೋಣಿ. ರೆಗ್ಯುಲೇಟರುಗಳೂ ಒಂದೇ ಥರದವು, ಅವನ್ನು ಸಿಲಿಂಡರಿಗೆ ಬಿಗಿದವಳು ನೀನು. ಅವನ ರೆಗ್ಯುಲೇಟರ್ ನಿನಗೆ, ನಿನ್ನದು ಅವನಿಗೆ ಹಾಕಿದ್ದೀಯ ಅಂತ ಬರೆದುಕೊಂಡ. ನೀನು ಎದುರಿಗೇ ಕೂತಿದ್ದೆ. “ಇರಬಹುದು, ನನಗೆ ನೆನಪಿಲ್ಲ” ಅಂದೆ ನೀನು. ನಾನು ಟೋಪಿ ಹಿಡಿದುಕೊಂಡು ಕೂತಿದ್ದೆ. ಐವಿಂದನೂ ಅದನ್ನೇ ನಂಬಿದ. ಬೆಳಿಗ್ಗೆ ತನಗೆ ಬಂದ ಅನುಮಾನಕ್ಕಿಂತ ಮಾವನ ಮಾತು ದೊಡ್ಡದು ಅಂದುಕೊಂಡ, ದಡ್ಡ.

ಐದು ತಿಂಗಳು ನಾನು ದಕ್ಕೆಯಲ್ಲಿ ಸಿಕ್ಕವರಿಗೆಲ್ಲ ಏನು ಹೇಳಿಕೊಂಡು ತಿರುಗಿದೆ ಗೊತ್ತಾ? ಆ ಕಂಪ್ಯೂಟರುಗಳೇ ದರಿದ್ರ, ಐವಿಂದ ನಿಮ್ಮಿಬ್ಬರ ರೆಗ್ಯುಲೇಟರಿನಿಂದಲೂ ಗಾಳಿ ತೋರಿಸುವ ಮುಳ್ಳಿನ ಗೇಜನ್ನು ಕಿತ್ತುಹಾಕಬಾರದಿತ್ತು ಅಂತ. ಅದರ ಕೊಳವೆ ಬಲೆಚೀಲಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ, ಕಿತ್ತುಬಿಡು ಅಂತ ಅವನಿಗೆ ಹೇಳಿದವನೂ ನಾನೇ. ಆ ಸಾಮಾನಿನದು ಏನೂ ತಪ್ಪಿಲ್ಲ. ಅದು ಕೊನೆವರೆಗೂ ನಿಜವನ್ನೇ ಹೇಳಿತು, ಬೇರೆಯವರ ಕೈಗೆ.

ಗುರುವಾರ ಹಿತ್ರಾದ ಪೊಲೀಸ್ ಕಚೇರಿಗೆ ಹೋಗಿ ಇದನ್ನೇ ಹೇಳಿ ರುಜು ಹಾಕುತ್ತೇನೆ. ದಕ್ಕೆಯಲ್ಲಿ ಯೋಸ್ಟೈನನಿಗೆ ನಾಳೆ ಹೇಳುತ್ತೇನೆ, ಅವನಿಗೆ ಹೇಳಿದರೆ ಊರಿಗೆ ಬೇರೆ ಹೇಳಬೇಕಾಗಿಲ್ಲ. ಈ ಕಾಗದವನ್ನು ಐವಿಂದನಿಗೆ ನೀನೇ ಓದಿ ಹೇಳು. ಅವನಿಗೆ ಬೈಯಬೇಕು ಅನಿಸಿದರೆ ಬಾಯಿ ತುಂಬ ಬೈಯಲಿ. ನೀನು ಭಾನುವಾರ ಫೋನು ಮಾಡದಿದ್ದರೆ ಯಾಕೆ ಅಂತ ಕೇಳುವುದಿಲ್ಲ.

ನಿನ್ನ ಕೈ ಒಳ್ಳೆಯ ಕೈ. ನಿಮ್ಮಮ್ಮನ ಕೈ ಅದು. ಅದಕ್ಕೆ ಕೆಲಸ ಕೊಡು. ದೇವರು ನಿಮ್ಮಿಬ್ಬರನ್ನೂ ಕಾಯಲಿ, ನನ್ನ ಮಾತು ಅವನು ಕೇಳುವುದಾದರೆ.

ನಿನ್ನ ಅಪ್ಪ
ಹಾಲ್‌ಸ್ಟೈನ್

ಮರೆತದ್ದು: ಮರೆತಿಲ್ಲ, ಬರೆಯಲಾಗದೆ ಬಿಟ್ಟಿದ್ದೆ. ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ.

ನೀಲಿ ಅಂಚನ್ನು ‘ಆಮೇಲೆ’ ನೋಡಿದೆ ಅಂತ ಮೇಲೆ ಬರೆದೆ. ಯಾವಾಗ ಅಂತ ಬರೆಯಲಿಲ್ಲ. ದೋಣಿ ಹೊರಟ ಕಾಲು ಗಂಟೆಗೆ ನೋಡಿದೆ. ನೀವಿನ್ನೂ ಚಿಪ್ಪಿನ ಜಾಗ ಮುಟ್ಟಿರಲಿಲ್ಲ, ಮೊದಲನೇ ಮುಳುಗಿಗೇ ಇನ್ನೂ ಹೊತ್ತಿತ್ತು. ಓಡಿಹೋಗಿ ಶೆಡ್ಡಿನ ರೇಡಿಯೋ ಹಿಡಿದೆ. ಆ ಚಾನೆಲ್ಲು ಎಲ್ಲರದು, ನಿನಗೆ ಗೊತ್ತು. ಪ್ರತಿ ದೋಣಿಯಲ್ಲೂ ಕೇಳುತ್ತದೆ, ಪ್ರತಿ ಅಡುಗೆಮನೆಯಲ್ಲೂ ಕೇಳುತ್ತದೆ. ಯೋಸ್ಟೈನನ ಹೆಸರು ಕೂಗಿದೆ.

“ಹೇಳಣ್ಣ, ಕೇಳಿಸ್ತಿದೆ” ಅಂದ.

ಗುಂಡಿಯ ಮೇಲೆ ಬೆರಳಿಟ್ಟು, ಒತ್ತದೆ ನಿಂತಿದ್ದೆ. ಅವನು ಎರಡು ಸಲ “ಏನಣ್ಣ? ಏನು?” ಅಂದ.

“ಸಮುದ್ರ ಹೆಂಗಿದೆ ಅಲ್ಲಿ?” ಅಂತ ಕೇಳಿದೆ.

“ಕನ್ನಡಿ ಇದ್ದಂಗಿದೆ” ಅಂದ. ಹಿಂದಿನಿಂದ ನಿನ್ನ ದನಿ ಕೇಳಿತು. “ಅಪ್ಪನಾ? ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅವರು, ಹೋಗಿ ಕಾಫಿ ಕುಡೀರಿ ಅಂತ ಹೇಳು.”

“ಸರಿ” ಅಂದೆ. ಹೋಗಿ ಕಾಫಿ ಕುಡಿದೆ.