ಒಳಗಿನ ಬೀಗ

ಅಂಗಡಿಯ ಹಿಂದಿನ ಕೋಣೆ,
ಶನಿವಾರ, ಮಾರ್ಚ್ ೧೪

ಪ್ರೀತಿಯ ಚೂಟಿ ಮಗಳೇ,

ಹೇಗಿದ್ದೀಯ? ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ನಿಂತೇ ಕೆಲಸ, ಹಿಮ್ಮಡಿ ನೋವು ಜಾಸ್ತಿಯಾಗಿದೆ ಅಂತ ನಿನ್ನ ಅತ್ತೆ ಹೇಳಿದಳು. ಮೆತ್ತನೆ ಚಪ್ಪಲಿ ತಗೋ, ಚೆಂದ ಆಮೇಲೆ ನೋಡಿಕೊಂಡರಾಯಿತು. ನಾನು ಚೆನ್ನಾಗಿದ್ದೇನೆ. ಕಣ್ಣು ಸ್ವಲ್ಪ ಮಂಜು, ಆದರೆ ಬೀಗದ ಕೈಗೆ ಅರ ಉಜ್ಜೋದಕ್ಕೆ ನನಗೆ ಬೆರಳೇ ಸಾಕು. ಐದು ತಿಂಗಳಿಂದ ನೀನು ನನ್ನ ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಕಾಗದವನ್ನು ಅರ್ಧಕ್ಕೆ ಕಟ್ ಮಾಡೋಕಾಗಲ್ಲವಲ್ಲ.

ಅತ್ತೆ ಇನ್ನೊಂದು ಮಾತೂ ಹೇಳಿದಳು. ನಿನಗೆ ಅಮ್ಮನ ದನಿ ಸಿಗದ ಹಾಗೆ ಮಾಡಿದ್ದು ನಾನೇ ಅಂತ ತಿಳಿದುಕೊಂಡಿದ್ದೀಯಂತೆ. ಅವತ್ತು ನನಗೆ ಊಟ ಸೇರಲಿಲ್ಲ. ರೂಟರ್ ಪಕ್ಕ ನೀನು ಇಟ್ಟುಹೋದ ಕಪ್ಪು ಕಂಪ್ಯೂಟರ್ ಡಬ್ಬಿಯಲ್ಲಿ ಅವಳ ದನಿಯೆಲ್ಲ ಇದೆ ಅಂತ ನನಗೆ ಗೊತ್ತು. ಚೀಟಿ ಬರೆಯೋದಕ್ಕೆ ಸೋಮಾರಿ, ಬೇಕಾದ ಸಾಮಾನನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿ ನನಗೆ ಕಳಿಸುತ್ತಿದ್ದಳು, ಜೊತೆಗೆ ನಾಲ್ಕು ಬೈಗುಳ. ನಿನ್ನ ಊರಲ್ಲಿ ಕೂತೇ ಇಂಟರ್ನೆಟ್ಟಿನಲ್ಲಿ ನೀನು ಅದನ್ನು ಕೇಳುತ್ತಿದ್ದೆ. ಆಣೆ ಮಾಡಿ ಹೇಳ್ತೀನಿ ಕಣೇ, ನಾನು ಮುಟ್ಟಿಲ್ಲ. ನಿನ್ನ ತಪ್ಪೇನಿಲ್ಲ ಬಿಡು. ಅಮ್ಮ ತೀರಿಕೊಂಡ ಮೇಲೆ ನಿನ್ನನ್ನು ಒಂದು ಮಾತು ಕೇಳದೆ ಅವಳ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಯಾರಿಗೋ ಕೊಟ್ಟುಬಿಟ್ಟವನು ನಾನು. ನೀನು ರೇಗಿದಾಗ ತಪ್ಪಾಯಿತು ಅನ್ನೋದು ಬಿಟ್ಟು, ಹೋಗೋದಾದರೆ ಹೋಗು, ಬೀಗ ಬದಲಾಯಿಸ್ತೀನಿ ಅಂದೆ. ಅದಾದ ವಾರಕ್ಕೇ ಡಬ್ಬಿಯ ಬಾಗಿಲು ಮುಚ್ಚಿದರೆ ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಮುಚ್ಚಿದ್ದು ಇಂಟರ್ನೆಟ್ ಕಂಪನಿ. ಫೋನು ಮಾಡಿದೆ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯವಳು. ಆ ವಾರ ತಮ್ಮ ಆಫೀಸಿನಿಂದಲೇ ಎಲ್ಲರ ರೂಟರನ್ನೂ ಅಪ್‌ಡೇಟ್ ಮಾಡಿದರಂತೆ, ಹಳೇ ಸೆಟ್ಟಿಂಗೆಲ್ಲ ಅಳಿಸಿಹೋಗಿ ಹೊರಗಿನಿಂದ ಒಳಬರುವ ದಾರಿ ಮುಚ್ಚಿತಂತೆ. ನಿಮ್ಮ ಸುರಕ್ಷತೆಗೇ ಸಾರ್ ಅಂದಳು. ನನ್ನ ಮನೆಗೆ ಯಾವಾಗ ಬಂದಿದ್ರಮ್ಮ ಅಂದೆ. ಬರೋದೇ ಬೇಕಿಲ್ಲ ಸಾರ್, ರೂಟರ್ ನಮ್ಮದೇ ಅಲ್ವಾ ಅಂದಳು. ನೋಡು, ಗೋಡೆ ನನ್ನದು, ಮೊಳೆ ನನ್ನದು, ಅದಕ್ಕೆ ನೇತುಹಾಕಿದ ಬೀಗ ಮಾತ್ರ ಅವರದು. ನಲವತ್ತು ವರ್ಷದಲ್ಲಿ ಒಬ್ಬ ಗಿರಾಕಿಯ ಬೀಗದ ಕೈಗೂ ನಾನು ನಕಲು ಇಟ್ಟುಕೊಂಡವನಲ್ಲ. ಪಿತ್ತ ನೆತ್ತಿಗೇರಿತು.

ಆಮೇಲೆ ಮಾಡಿದ್ದನ್ನು ಹೇಳಿದರೆ ನಗುತ್ತೀಯ, ನಗು. ಗಟ್ಟಿ ತಗಡಿನಲ್ಲಿ ಪೆಟ್ಟಿಗೆ ಮಾಡಿ, ರೂಟರನ್ನು ಒಳಗೆ ಕೂರಿಸಿ, ಎರಡು ಬೀಗ ಜಡಿದೆ. ಈಗ ಯಾರು ಕೈ ಹಾಕ್ತಾರೋ ನೋಡೇಬಿಡೋಣ ಅಂತ. ಮನೆಯಲ್ಲಿ ಇಂಟರ್ನೆಟ್ಟೇ ಸತ್ತುಹೋಯಿತು. ರಿಪೇರಿಗೆ ಬಂದ ಲೈನ್‌ಮನ್ ಪೆಟ್ಟಿಗೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ತಗಡು ದಾಟಿ ಸಿಗ್ನಲ್ ಆಚೆ ಬರೋದಿಲ್ಲ ಯಜಮಾನರೇ, ಕಂಪನಿಯವರು ಒಳಗೆ ಬರೋದು ತಂತಿಯಲ್ಲಿ, ಮುಚ್ಚಳ ತೆಗೆದಲ್ಲ ಅಂದ. ಒಳ್ಳೆಯ ಮನುಷ್ಯ. ಕೂತು ಬಿಡಿಸಿ ಹೇಳಿದ. ಕಂಪನಿಯವರ ಮಾತಿನಲ್ಲೂ ನ್ಯಾಯ ಇದೆಯಂತೆ: ಜನ ವರ್ಷಗಟ್ಟಲೆ ರೂಟರ್ ಕಡೆ ತಿರುಗಿಯೂ ನೋಡೋದಿಲ್ಲ, ಕಳ್ಳರು ನುಗ್ಗುವ ಸಂದು ಯಾರಾದರೂ ಮುಚ್ಚಲೇಬೇಕು. ಒಪ್ಪಿದೆ. ನನ್ನ ಗಿರಾಕಿಗಳಲ್ಲೇ ಅರ್ಧ ಜನ ಬೀಗ ಹಾಕಿ ಬೀಗದ ಕೈಯನ್ನು ಕಿಟಕಿಯಲ್ಲಿ ಇಟ್ಟುಹೋಗುವವರು. ಆದರೂ ಮನೆಯವರನ್ನು ಕೇಳಬೇಕಲ್ಲಪ್ಪ, ಒಳ್ಳೇದಕ್ಕೇ ಅಂತ ಕೇಳದೆ ಮಾಡಿಬಿಡೋದಾ, ಅಂತ ಜೋರಾಗಿಯೇ ಅಂದೆ. ಅಂದವನು ತಲೆಯೆತ್ತಿದೆ. ಎದುರಿಗೆ ಅಮ್ಮನ ಖಾಲಿ ಬೀರು ಇತ್ತು. ನಾನೂ ಒಳ್ಳೇದಕ್ಕೇ ಅಂದುಕೊಂಡಿದ್ದೆ. ಬೀರು ತೆಗೆದಾಗಲೆಲ್ಲ ಉಸಿರು ಕಟ್ಟುತ್ತಿತ್ತು, ನಿನಗೂ ಕಷ್ಟ ಬೇಡ ಅಂತ. ನಿನಗೆ ಅದು ಬೇಕಾ ಅಂತ ಕೇಳಲಿಲ್ಲ. ತಪ್ಪಾಯಿತು ಮಗಳೇ. ಅವತ್ತೇ ಹೇಳಬೇಕಿತ್ತು.

ಈಗ ನಮ್ಮದೇ ಒಂದು ರೂಟರ್ ತಂದಿದ್ದೇನೆ. ಕಂಪನಿಯದು ಲೈನು ತಂದು ಕೊಟ್ಟು ಸುಮ್ಮನಿರುತ್ತದೆ, ಮನೆಯೊಳಗಿನ ಯಜಮಾನಿಕೆ ನಮ್ಮದಕ್ಕೆ. ಅದಕ್ಕೆ ಅವರನ್ನು ಒಪ್ಪಿಸಲು ಮೂರು ಸಲ ಆಫೀಸಿಗೆ ಅಲೆದೆ. ಅಪ್‌ಡೇಟ್ ನೋಡಿಕೊಳ್ಳುವುದೂ ಇನ್ನು ನಮ್ಮ ತಲೆಗೇ, ಮರೆಯಬೇಡಿ ಅಂತ ಲೈನ್‌ಮನ್ ಎರಡು ಸಲ ಹೇಳಿದ್ದಾನೆ. ನೀನು ಬರೆದಿಟ್ಟ ನೋಟ್‌ಬುಕ್ ನೋಡಿ ಅವನೇ ಡಬ್ಬಿಗೆ ದಾರಿ ತೆರೆದ. ಪಾಸ್‌ವರ್ಡ್ ಒತ್ತುವಾಗ ಮಾತ್ರ ಆಚೆ ತಿರುಗಿ ನಿಂತ್ಕೊಳಪ್ಪ ಅಂದೆ. ಅದು ಇದರ ಜೊತೆಗಿರುವ ಚೀಟಿಯಲ್ಲಿದೆ. ನನ್ನ ಹತ್ತಿರ ನಕಲಿಲ್ಲ. ಇನ್ನು ಅಲ್ಲಿ ಏನು ಬದಲಾಯಿಸಬೇಕಾದರೂ ನಾನು ನಿನ್ನನ್ನೇ ಕೇಳಬೇಕು. ಸರಿಯಾಗಿದೆಯಾ ಅಂತ ನೋಡಲು ಒಂದೇ ಒಂದು ದನಿ ಕೇಳಿದೆ. ಊರಿಗೆಲ್ಲ ಬೀಗ ಮಾಡ್ತೀರಿ, ನಮ್ಮನೆ ಬಾಗಿಲು ಕಿರ್ ಅನ್ನುತ್ತೆ, ಒಂದು ತೊಟ್ಟು ಎಣ್ಣೆ ಹಾಕೋಕಾಗಲ್ವಾ ಅಂತ ಬೈದಿದ್ದಾಳೆ. ಅಲ್ಲೇ ಕೂತು ಅತ್ತುಬಿಟ್ಟೆ. ಮುಂದಿನದು ಕೇಳುವ ಧೈರ್ಯ ಬರಲಿಲ್ಲ.

ಹಿಮ್ಮಡಿ ಜೋಪಾನ, ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಹಿಡಿದ ಕೆಲಸವೆಲ್ಲ ಹಗುರಾಗಲಿ ಅಂತ ಹಾರೈಸುವ

ನಿನ್ನ ಅಪ್ಪ

ತಾ.ಕ.: ಅಂಚೆಯವನು ಅಂಚೆಪೆಟ್ಟಿಗೆ ತೆಗೆಯುವ ಹೊತ್ತಾಯಿತು. ಲಕೋಟೆಯಲ್ಲಿ ಗಟ್ಟಿಯಾಗಿ ಕೈಗೆ ತಗಲುತ್ತಿರುವುದು ನೀನು ಮೇಜಿನ ಮೇಲೆ ಬಿಟ್ಟುಹೋದ ಮನೆ ಬೀಗದ ಕೈ. ಬೀಗ ಅದೇ ಇದೆ. ಬಾಗಿಲಿಗೆ ಎಣ್ಣೆ ಹಾಕಿದ್ದೇನೆ.