ಊರು ನೋಡಿ ಬನ್ನಿ ಮೇಡಂ

ಹೋಟೆಲಿನ ಐದನೇ ಮಹಡಿ
ಮಾರ್ಚ್ ೧೪, ಗುರುವಾರ ಸಂಜೆ

ಮುದ್ದಿನ ಪುಟ್ಟಿಗೆ ಅಮ್ಮನ ಪ್ರೀತಿಯ ಆಶೀರ್ವಾದಗಳು.

ತಲುಪಿದ ಕೂಡಲೇ ಬರೆಯುತ್ತೇನೆ ಅಂದವಳು ಬರೆಯಲಿಲ್ಲ, ಕೋಪ ಮಾಡಿಕೊಳ್ಳಬೇಡ. ಪೆನ್ನು ಹಿಡಿದಾಗಲೆಲ್ಲ ಬರೀ ಬೈಗುಳವೇ ಬರುತ್ತಿತ್ತು. ಅದನ್ನೆಲ್ಲ ನಿನ್ನ ಮೇಲೆ ಯಾಕೆ ಸುರಿಯಲಿ ಎಂದು ಹರಿದು ಬುಟ್ಟಿಗೆ ಹಾಕಿದೆ. ಇವತ್ತೂ ಸಿಟ್ಟು ಇಳಿದಿಲ್ಲ. ಆದರೆ ಯಾರ ಮೇಲೆ ಅನ್ನುವುದೇ ಈಗ ಗೊತ್ತಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಮರಿಯನ್ನು ಸೊಂಟದ ಮೇಲೆ ಹೊತ್ತುಕೊಂಡೇ ಅಡುಗೆ ಮಾಡಬೇಡ ಎಂದು ಎಷ್ಟು ಸಲ ಹೇಳಿದರೂ ನಿನಗೆ ನಾಟುವುದಿಲ್ಲ.

ನಾನು ಬಂದ ಕೆಲಸ ನಿನಗೆ ಗೊತ್ತೇ ಇದೆ. ಇಲ್ಲಿಯ ದೊಡ್ಡ ಆಸ್ಪತ್ರೆಯವರು ಇನ್ನು ಮೂರು ವರ್ಷಕ್ಕೆ ಬೇಕಾದ ಬೆಡ್‌ಶೀಟು, ದಿಂಬಿನ ಕವರು, ಆಪರೇಷನ್ ಗೌನು ಎಲ್ಲವನ್ನೂ ಒಬ್ಬರಿಂದಲೇ ಕೊಳ್ಳುವವರಿದ್ದರು. ಆ ಆರ್ಡರು ನಮ್ಮ ಮಿಲ್ಲಿಗೇ ಸಿಗಬೇಕಿತ್ತು. ಅಂಥ ಮಾತುಕತೆಗೆ ನಮ್ಮ ಎಂಡಿ ಇಷ್ಟು ವರ್ಷವೂ ನನ್ನನ್ನೇ ಕಳಿಸಿದ್ದು. ಈ ಸಲ ಜೊತೆಗೆ ಟೈ ಸಾಹೇಬರೂ ಬಂದಿದ್ದಾರೆ. ಅದೇ, ನಾನು ಕೈಹಿಡಿದು ಕೆಲಸ ಕಲಿಸಿದ ಹುಡುಗ. ಸೆಕೆಗಾಲದಲ್ಲೂ ಟೈ ಬಿಚ್ಚದವನು. ಹಿಂದಿನ ವರ್ಷ ನಮ್ಮ ಮನೆಗೆ ಬಂದು ಉಪ್ಪಿನಕಾಯಿ ಬಾಟಲಿಯನ್ನೇ ಖಾಲಿ ಮಾಡಿದನಲ್ಲ, ಅವನೇ.

ಮಂಗಳವಾರ ಮೊದಲ ಮೀಟಿಂಗು. ಮೇಜು ಅಂದರೆ ರೈಲ್ವೆ ಪ್ಲಾಟ್‌ಫಾರ್ಮಿನಷ್ಟು ಉದ್ದ. ಆ ತುದಿಯಲ್ಲಿ ಆಸ್ಪತ್ರೆಯ ಖರೀದಿ ವಿಭಾಗದ ಮುಖ್ಯಸ್ಥೆ. ನನ್ನ ವಯಸ್ಸಿನವಳೇ, ಒಳ್ಳೆಯ ಲಕ್ಷಣ, ಆದರೆ ಮಾತು ಬಾಯಿಂದ ಹೊರಗೆ ಬರುವುದೇ ಇಲ್ಲ. ನಾನು ಮನಸ್ಸಿನಲ್ಲೇ ಪಿಸುಪಿಸು ಮೇಡಂ ಎಂದು ಹೆಸರಿಟ್ಟೆ. ತಲೆಯ ಮೇಲೆ ಎ.ಸಿ. ಗುಂಯ್ ಅನ್ನುತ್ತಿತ್ತು. ಅವಳು ಏನೋ ಕೇಳಿದಳು. "ಎಷ್ಟು ತಡ ಆಗುತ್ತೆ?" ಎಂದಂತಾಯಿತು. ನಾನು ಬೆನ್ನು ನೆಟ್ಟಗೆ ಮಾಡಿ, "ತಡದ ಮಾತೇ ಇಲ್ಲ ಮೇಡಂ. ಹೇಳಿದ ದಿನ ಲಾರಿ ನಿಮ್ಮ ಬಾಗಿಲಲ್ಲಿರುತ್ತೆ" ಅಂದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಹಾ, ಒಂದೇ ಏಟಿಗೆ ಗೆದ್ದೆ ಅಂದುಕೊಂಡೆ. ಟೈ ಕೆಮ್ಮಿ, ಏನೇನೋ ಕಾಗದ ತೆಗೆದು, ಉಳಿದ ಮಾತೆಲ್ಲ ತಾನೇ ಆಡಿದ. ಮಾತಾಡಲಿ, ಕಲಿಯಲಿ ಎಂದು ಸುಮ್ಮನಿದ್ದೆ.

ಸಂಜೆ ಅವನು ನನ್ನ ರೂಮಿನ ಬಾಗಿಲಿಗೆ ಬಂದ. "ಮೇಡಂ, ಅವರಿಗೆ ಜ್ವರ ಅಂತೆ. ಎರಡು ದಿನ ಮೀಟಿಂಗ್ ಇಲ್ಲ. ಕಾರು, ಡ್ರೈವರು ಎಲ್ಲ ಎಂಡಿ ವ್ಯವಸ್ಥೆ ಮಾಡಿದಾರೆ. ನೀವು ಆರಾಮಾಗಿ ಊರು ನೋಡಿ ಬನ್ನಿ ಮೇಡಂ."

"ನೀನು ಬರಲ್ವೇನೋ?"

"ನಾನು ರೂಮಲ್ಲೇ ಕೂತು ರಿಪೋರ್ಟ್ ಮುಗಿಸ್ತೀನಿ."

ಪಾಪ, ಶ್ರದ್ಧೆಯ ಹುಡುಗ ಅಂದುಕೊಂಡೆ ನೋಡು, ಎಂಥ ದಡ್ಡಿ ನಾನು!

ಊರು ನೋಡುವುದೆಂದರೆ ಖುಷಿಯ ವಿಷಯ ತಾನೇ? ನಿನ್ನೆ ಇಡೀ ದಿನ ನನಗೆ ತಲೆ ಚಿಟ್ಟು ಹಿಡಿದು ಹೋಯಿತು. ಮ್ಯೂಸಿಯಂನಲ್ಲಿ ಕಿವಿಗೆ ಒಂದು ಯಂತ್ರ ಸಿಕ್ಕಿಸಿ, ಪ್ರತಿ ಚಿತ್ರದ ಮುಂದೆಯೂ ಗುಂಡಿ ಒತ್ತಿದರೆ ಕಥೆ ಹೇಳುತ್ತೆ ಎಂದರು. ಒತ್ತಿದರೆ ಸೊಳ್ಳೆ ಹಾಡಿದಂತೆ. ಸದ್ದು ಹೆಚ್ಚಿಸಿದೆ, ಇನ್ನೂ ಹೆಚ್ಚಿಸಿದೆ. ನೋಡಿದರೆ ಕೋಣೆಯಲ್ಲಿದ್ದವರೆಲ್ಲ ಚಿತ್ರ ಬಿಟ್ಟು ನನ್ನನ್ನೇ ನೋಡುತ್ತಿದ್ದಾರೆ. ಕಾವಲಿನವಳು ಬಂದು ತುಟಿಯ ಮೇಲೆ ಬೆರಳಿಟ್ಟಳು, ಒಂದನೇ ಕ್ಲಾಸಿನ ಟೀಚರಮ್ಮನ ಹಾಗೆ. ಯಂತ್ರ ಕಿತ್ತು ಅವಳ ಕೈಗೇ ಕೊಟ್ಟು ಬಂದೆ.

ಆಮೇಲೆ ದೋಣಿ. ನದಿಯೇನೋ ಚೆಂದವೇ. ಆದರೆ ಗೈಡು ಧ್ವನಿವರ್ಧಕದಲ್ಲಿ ಗೊರಗೊರ ಎಂದು ಏನೋ ಹೇಳುತ್ತಾನೆ, ಎಲ್ಲರೂ ಎಡಕ್ಕೆ ತಿರುಗಿ "ಓಹೋ" ಅನ್ನುತ್ತಾರೆ. ನಾನು ಬಲಕ್ಕೆ ನೋಡುತ್ತಿರುತ್ತೇನೆ. ಎಡಕ್ಕೆ ತಿರುಗುವಷ್ಟರಲ್ಲಿ ಅದು ಹಿಂದೆ ಹೋಗಿರುತ್ತದೆ. ಹೀಗೆ ಈ ಊರಿನ ಅರಮನೆ, ಸೇತುವೆ, ಗಡಿಯಾರದ ಕಂಬ ಎಲ್ಲವನ್ನೂ ನಾನು ತಪ್ಪಿಸಿಕೊಂಡೆ. ಬಲದಂಡೆಯ ಗೋದಾಮುಗಳನ್ನು ಮಾತ್ರ ಚೆನ್ನಾಗಿ ನೋಡಿದ್ದೇನೆ. ಡ್ರೈವರೂ ಅಷ್ಟಕ್ಕಷ್ಟೇ. ಮುಖ ಗಂಟುಹಾಕಿಕೊಂಡು ಗಾಡಿ ಓಡಿಸುತ್ತಾನೆ, ಒಂದು ಮಾತಿಲ್ಲ. ಎಂಥ ಊರಪ್ಪಾ ಎನ್ನಿಸಿತು.

ರಾತ್ರಿ ಊಟಕ್ಕೆ ಹೋಟೆಲಿನಲ್ಲೇ ಕೂತೆ. ಮೂಲೆಯಲ್ಲಿ ವಾದ್ಯದವರು. ಒಬ್ಬ ಮನುಷ್ಯ ಬಂದು ನನ್ನ ಎದುರಿನ ಖಾಲಿ ಕುರ್ಚಿಯ ಮೇಲೆ ಕೈಯಿಟ್ಟು ಏನೋ ಕೇಳಿದ. ಬಡಿಸುವವನು ಅಂದುಕೊಂಡು, "ಬೇಡಪ್ಪಾ, ಹೊಟ್ಟೆ ತುಂಬಿದೆ" ಅಂದೆ. ಅವನು ಕುರ್ಚಿಯನ್ನೂ ನನ್ನನ್ನೂ ನೋಡಿ ಹೊರಟುಹೋದ. ಅವನ ಹೆಂಡತಿ ಗೋಡೆಗೆ ಒರಗಿ ನಿಂತಿದ್ದದ್ದು ಆಮೇಲೆ ಕಂಡಿತು. ಕುರ್ಚಿ ಕೇಳಲು ಬಂದವನು ಅವನು. ಎದ್ದು ಹೋಗಿ ಕ್ಷಮೆ ಕೇಳಲಿಕ್ಕೂ ಆಗದೆ ತಟ್ಟೆಗೆ ತಲೆ ಬಗ್ಗಿಸಿದೆ.

ಇವತ್ತು ಮಧ್ಯಾಹ್ನ ಊರಿನ ಎತ್ತರದ ಗೋಪುರಕ್ಕೆ ಕರೆದುಕೊಂಡು ಹೋದ ಡ್ರೈವರು. ತುದಿಯಲ್ಲಿ ದೊಡ್ಡ ಊಟದ ಹಾಲ್, ಸುತ್ತಲೂ ಗಾಜು. ಬಡಿಸುವ ಹುಡುಗಿ ಪಟಪಟನೆ ಏನೇನೋ ಒಪ್ಪಿಸಿದಳು. ನಾನು ಎಲ್ಲದಕ್ಕೂ "ಆಯ್ತಮ್ಮ" ಅಂದೆ. ಎರಡು ಬಟ್ಟಲು ಸೂಪು ಬಂತು. ಒಂದರ ಪಕ್ಕದಲ್ಲಿ ಒಂದಿಟ್ಟುಕೊಂಡು, ಯಾರೋ ಬರಬೇಕಾದವರು ಬಂದಿಲ್ಲವೇನೋ ಎಂಬಂತೆ ಕೂತಿದ್ದೆ. ಆಗ ಕಿಟಕಿಯ ಪಕ್ಕದ ಉದ್ದನೆಯ ಮೇಜಿನಲ್ಲಿ ನಗು ಕಾಣಿಸಿತು. ಹೌದು, ಕಾಣಿಸಿತು. ಟೈ ಸಾಹೇಬರು! ಅವನ ಪಕ್ಕದಲ್ಲಿ ಪಿಸುಪಿಸು ಮೇಡಂ. ಜ್ವರ ಬಂದವಳು ಐಸ್‌ಕ್ರೀಂ ತಿನ್ನುತ್ತಿದ್ದಳು.

ಸೂಪು ಬಿಟ್ಟು ಎದ್ದೆ. ಅಲ್ಲಿಗೆ ಹೋಗಿ ಏನು ಹೇಳಬೇಕು ಎಂದು ಯೋಚಿಸಿರಲಿಲ್ಲ. ನನ್ನನ್ನು ಕಂಡು ಟೈ ಚಮಚ ಬಿಟ್ಟ. ಆಯಮ್ಮ ಎದ್ದು ನಿಂತು, ನನ್ನ ಮುಖದ ಹತ್ತಿರ ಮುಖ ತಂದು, ಬಾಯಿ ಅಗಲಿಸಿ ಒಂದೊಂದೇ ಅಕ್ಷರವಾಗಿ ಕೂಗಿದಳು: "ಊ-ರು ನೋ-ಡಿ-ದ್ರಾ ಮೇ-ಡಂ? ಚೆ-ನ್ನಾ-ಗಿ-ದೆ-ಯಾ?"

ಸುತ್ತಲಿನ ಮೇಜಿನವರೆಲ್ಲ ತಿರುಗಿದರು. ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ ಪುಟ್ಟಿ, ಅದೇ ಕಷ್ಟ. ಮರುಕದಿಂದ ಕೂಗುತ್ತಿದ್ದಳು. ಈ ಊರಿನವರೆಲ್ಲ ಬಾಯೊಳಗೇ ಮಾತಾಡುತ್ತಾರೆ ಎಂದು ಬೈದುಕೊಂಡು ತಿರುಗಿದ್ದೆನಲ್ಲ, ಊರಿನ ತಪ್ಪೇನೂ ಇರಲಿಲ್ಲ ಎಂದು ನನಗೆ ಆಗ ತಿಳಿಯಿತು.

"ತುಂಬ ಚೆನ್ನಾಗಿದೆ" ಎಂದು ಹೇಳಿ, ಟೈಯನ್ನು ತೋಳು ಹಿಡಿದು ಲಿಫ್ಟಿನ ಹತ್ತಿರ ಕರೆದುಕೊಂಡು ಬಂದೆ. ಅಲ್ಲಿ ಸದ್ದಿರಲಿಲ್ಲ.

"ಜ್ವರ ಯಾರಿಗೋ? ನಿನಗೋ, ಅವಳಿಗೋ?"

"ಸಾರಿ ಮೇಡಂ."

"ಸಾರಿ ಆಮೇಲೆ. ಮಂಗಳವಾರ ಆಯಮ್ಮ ಏನು ಕೇಳಿದ್ಲು?"

ಅವನು ನೆಲ ನೋಡಿದ. "ತಲೆ ಎತ್ತಿ ಹೇಳು, ಇಲ್ಲದಿದ್ರೆ ಕೇಳಿಸಲ್ಲ" ಅಂದೆ. ಆ ಮಾತು ನನ್ನ ಬಾಯಿಂದಲೇ ಬಂದದ್ದು ನೋಡಿ ನನಗೇ ಆಶ್ಚರ್ಯ.

"ಬಟ್ಟೆ ಎಷ್ಟು ಒಗೆತ ತಡೆಯುತ್ತೆ ಅಂತ ಕೇಳಿದ್ರು ಮೇಡಂ. ನೀವು ಲಾರಿ ಅಂದ್ರಿ. ಅದೊಂದೇ ಅಲ್ಲ, ಅದಕ್ಕೂ ಮುಂಚೆ ಇನ್ನೂ ಕೆಲವು ಪ್ರಶ್ನೆಗೆ ಹಾಗೇ ಆಗಿತ್ತು. ಎಂಡಿಗೆ ಫೋನ್ ಮಾಡ್ದೆ. ನಿಮಗೆ ಬೇಜಾರಾಗದ ಹಾಗೆ ನೋಡ್ಕೋ, ಊರು ತೋರಿಸು ಅಂದ್ರು."

"ಮತ್ತೆ ಮಾತುಕತೆ?"

"ಇವತ್ತು ಬೆಳಿಗ್ಗೆ ಸಹಿ ಆಯ್ತು."

ಕರಾರು ಏನೆಂದು ಒಂದೊಂದಾಗಿ ಕೇಳಿದೆ. ಎಲ್ಲಾದರೂ ಎಡವಿರುತ್ತಾನೆ, ಹಿಡಿದು ಜಾಡಿಸೋಣ ಎಂದೇ ಕೇಳಿದೆ. ಎಲ್ಲೂ ಎಡವಿರಲಿಲ್ಲ. ನಾನೇ ಕೂತಿದ್ದರೂ ಅದಕ್ಕಿಂತ ಚೆನ್ನಾಗಿ ಮುಗಿಸುತ್ತಿರಲಿಲ್ಲ. ಕಲಿಸಿದ್ದನ್ನೆಲ್ಲ ಸರಿಯಾಗಿ ಕಲಿತಿದ್ದಾನೆ ಮಾರಾಯ್ತಿ! ಬೈಯಲು ಒಂದು ಹಿಡಿ ಜಾಗವನ್ನಾದರೂ ಬಿಡಬಾರದೇ? ಅವನ ಕಣ್ಣಲ್ಲಿ ನೀರಿತ್ತು. "ಹೋಗು, ಐಸ್‌ಕ್ರೀಂ ಕರಗುತ್ತೆ" ಎಂದು ಕಳಿಸಿದೆ.

ಕೆಳಗೆ ಬರುವಷ್ಟರಲ್ಲಿ ಎಂಡಿಯ ಫೋನು. ಎಡಗಿವಿಗೆ ಒತ್ತಿ ಹಿಡಿದೆ. "ಇನ್ನು ಮೇಲೆ ನೀವು ಓಡಾಡೋದು ಬೇಡ ಮೇಡಂ, ಆಫೀಸಲ್ಲೇ ಕೂತು ಹುಡುಗರಿಗೆ ಮಾರ್ಗದರ್ಶನ ಮಾಡಿ" ಅಂದರು.

"ಸರ್, ನನ್ನ ಕಿವಿ ಮಂದವಾಗಿದೆ, ತಲೆಯಲ್ಲ. ನನಗೇ ನೇರವಾಗಿ ಹೇಳಬಹುದಿತ್ತಲ್ಲ?"

"ನಿಮಗೆ ನೋವಾಗಬಾರದು ಅಂತ..."

"ನೋವಾಯ್ತು. ಕಿವಿಗೆ ಏನು ಬೇಕೋ ಅದನ್ನ ಹಾಕಿಸ್ಕೊಂಡು ಬರ್ತೀನಿ. ಮುಂದಿನ ಮೀಟಿಂಗಿಗೆ ನಾನೇ ಹೋಗ್ತೀನಿ."

"ನೋಡೋಣ" ಅಂದರು. ಅವರ 'ನೋಡೋಣ' ಗೊತ್ತಲ್ಲ, ಕ್ಯಾಂಟೀನಿಗೆ ಹೊಸ ಫ್ಯಾನು ಕೇಳಿದಾಗಲೂ ಅದನ್ನೇ ಅಂದಿದ್ದರು. ಇವತ್ತಿಗೂ ಅಲ್ಲಿ ಬೆವರುತ್ತಲೇ ಊಟ ಮಾಡುತ್ತೇವೆ.

ಡ್ರೈವರು ಹಿಂದಿನ ಬಾಗಿಲು ತೆಗೆದ. ನಾನು ಮುಂದೆ ಹೋಗಿ ಅವನ ಪಕ್ಕದಲ್ಲಿ ಕೂತೆ. "ನೀನ್ಯಾಕಪ್ಪ ಎರಡು ದಿನದಿಂದ ಮಾತೇ ಆಡಲ್ಲ?" ಎಂದು ಕೇಳಿದರೆ, ಅವನು ಕಕ್ಕಾಬಿಕ್ಕಿ. "ನಾನಾ ಅಮ್ಮಾ? ನಿನ್ನೆ ಬೆಳಿಗ್ಗೆ ಪೂರ್ತಿ ನಾನೇ ಮಾತಾಡ್ದೆ. ಬಿಲ್ಡಿಂಗ್ ತೋರಿಸ್ದೆ, ಮಕ್ಕಳೆಷ್ಟು ಅಂತ ಕೇಳ್ದೆ. ನೀವು ಹ್ಞೂಂ ಅಂತಾನೂ ಅನ್ನಲಿಲ್ಲ. ದೊಡ್ಡೋರು, ನಮ್ಮಂಥೋರ ಹತ್ರ ಏನು ಮಾತು ಅಂತ ಸುಮ್ನಾದೆ." ಅವನ ಗಂಟುಮುಖ ಎಲ್ಲಿಂದ ಬಂತು ಎಂದು ಆಗ ಅರ್ಥವಾಯಿತು. ಆಮೇಲೆ, "ಇನ್ನು ನೋಡುವ ಜಾಗ ಏನೇನಿದೆ?" ಎಂದೆ. ತೋಟ, ಬಜಾರು, ಮತ್ತೊಂದು ಮ್ಯೂಸಿಯಂ ಎಂದ. "ಅದೆಲ್ಲ ಬೇಡ. ಕಿವಿ ಪರೀಕ್ಷೆ ಮಾಡೋರ ಹತ್ರ ನಡಿ."

ಕರೆದುಕೊಂಡು ಹೋದ. ಗಾಜಿನ ಪುಟ್ಟ ಕೋಣೆಯಲ್ಲಿ ಕೂರಿಸಿ, ಕೈಗೆ ಗುಂಡಿ ಕೊಟ್ಟು, ಸದ್ದು ಕೇಳಿದಾಗ ಒತ್ತಿ ಎಂದಳು ಪರೀಕ್ಷೆಯ ಹುಡುಗಿ. ಮೊದಮೊದಲು ಒತ್ತಿದೆ. ಆಮೇಲೆ ಸದ್ದೇ ಇಲ್ಲ. ಕಾದೆ, ಕಾದೆ. ಯಂತ್ರ ಕೆಟ್ಟಿರಬೇಕು ಅನ್ನಿಸಿತು. ಗಾಜು ತಟ್ಟಿ, "ಶುರು ಮಾಡಮ್ಮ, ಹೊತ್ತಾಗುತ್ತೆ" ಅಂದೆ. ಅವಳು ಬಾಗಿಲು ತೆಗೆದು ಹತ್ತಿರ ಬಂದು ಮೆಲ್ಲಗೆ ನನ್ನ ಕೈ ಮುಟ್ಟಿ ಹೇಳಿದಳು, "ಮುಗೀತು ಅಮ್ಮ."

ಅಷ್ಟು ಹೊತ್ತೂ ಅದು ಕೂಗುತ್ತಲೇ ಇತ್ತಂತೆ.

ಬಲಗಿವಿ ಹೆಚ್ಚು ಹೋಗಿದೆ, ಎಡಗಿವಿಯೂ ಅದೇ ದಾರಿಯಲ್ಲಿದೆ. ದಪ್ಪ ದನಿ ಕೇಳುತ್ತದೆ, ತೆಳುವಾದದ್ದು ಇಲ್ಲ. ಯಂತ್ರ ಹಾಕಿಕೊಂಡರೆ ಸುಮಾರಾಗಿ ಸರಿಹೋಗುತ್ತದೆ, ಪೂರ್ತಿ ಮೊದಲಿನಂತಲ್ಲ ಎಂದಳು. ಅಳತೆ ಕೊಟ್ಟು ಬಂದಿದ್ದೇನೆ, ಯಂತ್ರವನ್ನು ಮನೆಗೇ ಕಳಿಸುತ್ತಾರಂತೆ. ನಿಮ್ಮಪ್ಪ ಈಚೆಗೆ ತೀರ ಗೊಣಗುತ್ತಾರೆ ಎಂದು ನಿನ್ನ ಹತ್ತಿರ ಎಷ್ಟು ಸಲ ದೂರಿದ್ದೇನೆ! ಪಾಪ, ಅವರು ಗೊಣಗುತ್ತಿರಲಿಲ್ಲ, ಮಾತಾಡುತ್ತಿದ್ದರು. ಅವರಿಗೆ ನಾನೇ ಹೇಳುತ್ತೇನೆ, ನೀನು ಮುಂಚಿತವಾಗಿ ಬಾಯಿ ಬಿಡಬೇಡ.

ನಾಳೆ ಬೆಳಗಿನ ರೈಲಿಗೆ ಹೊರಡುತ್ತೇವೆ. ಟೈ ಆಗಲೇ ಬಂದು, ನನ್ನ ಪೆಟ್ಟಿಗೆ ತಾನೇ ಹೊರುತ್ತೇನೆ ಎಂದು ಹೇಳಿ ಹೋದ. ಕಿವಿ ಕೇಳದವಳಿಗೆ ಕೈಯೂ ಇಲ್ಲ ಅಂದುಕೊಂಡಿದ್ದಾನೆ, ಬೆಪ್ಪ. ಹೊರಲಿ ಬಿಡು. ಅವನಿಗೂ ಏನಾದರೂ ಮಾಡಬೇಕು ಅನ್ನಿಸುತ್ತದಲ್ಲ.

ಬೆನ್ನಿಗೆ ಎಣ್ಣೆ ಹಚ್ಚಿಸಿಕೊ. ಅಳಿಯಂದಿರಿಗೆ ಆಶೀರ್ವಾದ ತಿಳಿಸು, ನಿಮ್ಮೂರಿನ ಚಳಿಗೆ ಹಟ ಮಾಡದೆ ಸ್ವೆಟರ್ ಹಾಕಿಕೊಳ್ಳಲು ಹೇಳು. ಮರಿಯ ಕೆನ್ನೆಗೆ ನನ್ನ ಕಡೆಯಿಂದ ಒಂದು ಮುತ್ತು. ಮೂವರೂ ನಗುನಗುತ್ತಾ ಇರಿ.

ನಿನ್ನ,
ಅಮ್ಮ

ತಾ.ಕ.: ಮೀಟಿಂಗು ಹೋದರೆ ಹೋಯಿತು, ಅದಕ್ಕಾಗಿ ನಾನು ಅಳುತ್ತಿಲ್ಲ. ಹೋದ ಭಾನುವಾರ ನೀನು ಫೋನು ಮಾಡಿ, "ಅಮ್ಮಾ, ಮರಿ ನಿನಗೇನೋ ಹೇಳ್ತಾನಂತೆ ಕೇಳು" ಎಂದು ಅವನ ಬಾಯಿಗೆ ಹಿಡಿದೆಯಲ್ಲ. ಆಮೇಲೆ ನೀವಿಬ್ಬರೂ ಜೋರಾಗಿ ನಕ್ಕಿರಿ. ನಾನೂ ನಕ್ಕೆ. "ಎಷ್ಟು ಸ್ಪಷ್ಟವಾಗಿ ಹೇಳಿದ ನೋಡಿದ್ಯಾ, ಮೊದಲನೇ ಸಲ!" ಎಂದು ನೀನು ಕೇಳಿದಾಗ, "ಹೌದೌದು, ಜಾಣ" ಅಂದೆ. ನನಗೆ ಏನೂ ಕೇಳಿಸಿರಲಿಲ್ಲ ಪುಟ್ಟಿ. ಅವನು ಏನು ಹೇಳಿದ? ಅವನು ಹೇಳಿದ ಹಾಗೆಯೇ, ತೊದಲನ್ನೂ ಬಿಡದೆ, ಬರೆದು ಕಳಿಸು.