ಯಾರ ಪೈಕಿ ನೀ?

14 ಜುಲೈ 1999, ಬುಧವಾರ. ಜೇವರ್ಗಿ ಕಾಲೋನಿ.

ಸಂಜೆ ಮತ್ತೆ ರಕ್ತದ ಕಲೆ ಕಂಡಿತು. ಹಿಂದಿನ ಎರಡು ಬಸಿರು ಹೋದಾಗಲೂ ಮೂರನೇ ತಿಂಗಳಲ್ಲಿ ಹೀಗೆಯೇ ಶುರುವಾಗಿತ್ತು. ಇವರು ಡಾಕ್ಟರಿಗೆ ಫೋನ್ ಮಾಡಿದರು. ನಾಳೆ ಸ್ಕ್ಯಾನಿಂಗ್, ಅಲ್ಲಿಯವರೆಗೆ ಮಲಗಿರಬೇಕಂತೆ. ಮಲಗುವುದು ಹೇಗೆ?

ಇವತ್ತೇ ಎಮ್ಮೆಸ್ಸಿ ಕ್ಲಾಸಿನಲ್ಲಿ ಎನ್‌ಕೆ, ಅಂದರೆ ಮೈ ಕಾಯುವ 'ನ್ಯಾಚುರಲ್ ಕಿಲ್ಲರ್' ಕೋಶಗಳ ಪಾಠ ಇರಬೇಕೆ! ಅವು ವೈರಿಯ ಮುಖ ಹುಡುಕುವುದಿಲ್ಲ, 'ನಮ್ಮವ' ಎಂಬ ಗುರುತು ತೋರಿಸದ ಕೋಶದ ಮೇಲೆ ಬೀಳುತ್ತವೆ ಎಂದೆ. ಅಮೋಘಸಿದ್ದ ಎದ್ದು ನಿಂತ. "ಹೊಟ್ಯಾಗಿನ ಕೂಸು ಅರ್ಧ ಅಪ್ಪಂದಲ್ಲೇನ್ರಿ ಮೇಡಂ? ಅಂದ್ರ ಹೊರಗಿಂದು. ಅದನ್ನ ಹ್ಯಾಂಗ ಬಿಡ್ತಾವ?"

ಗರ್ಭಕೋಶದಲ್ಲಿ ಅವು ಕಿಕ್ಕಿರಿದಿರುತ್ತವೆ, ಕೂಸಿನ ಸುತ್ತಲಿನ ಕೋಶಗಳು ತಮ್ಮದೇ ಆದೊಂದು ಗುರುತು ತೋರಿಸಿ ಅವನ್ನು ತಡೆಯುತ್ತವೆ ಎಂದೆ.

ಕಮಲಾಪುರದಲ್ಲಿ ಅತ್ತೆ ಕಟ್ಟೆಯ ಮೇಲೆ ಕುಳಿತು ಹೊಸಬರನ್ನೆಲ್ಲ ತಡೆಯುತ್ತಾರೆ: "ಯಾರ ಪೈಕಿ ನೀ?" ಹೇಳಿದವರಿಗೆ ನೀರು, ಬೆಲ್ಲ. ಸುಮ್ಮನಿದ್ದವರಿಗೆ ಬೈಗುಳ.

ಹೋದ ಎರಡಕ್ಕೂ ಈ ಕೋಶಗಳೇ ಕಾರಣವೆಂದು ಯಾವ ಡಾಕ್ಟರೂ ಹೇಳಿಲ್ಲ. ನನಗೂ ಗೊತ್ತಿಲ್ಲ. ಆದರೂ ಹೊಟ್ಟೆಯ ಮೇಲಿನ ಕೈ ತೆಗೆಯಲಾಗುತ್ತಿಲ್ಲ.

ಒಳಗೆ ಅವು ತಡೆದು ಕೇಳಿದರೆ ಸುಮ್ಮನಿರಬೇಡ, ಕೂಸೇ. ಅವ್ವನ ಪೈಕಿ ಅನ್ನು. ನನಗೂ ಕೇಳಿಸುವಷ್ಟು ಗಟ್ಟಿಯಾಗಿ ಅನ್ನು.